ಮುಂದಿನ ಭಾಷೆ ಯಾವುದು, ಮೂರನೇ ಜ್ವರ ಯಾವಾಗ

ಕಲಿಯುವುದಕ್ಕಿಂತ, ಮುಂದೆ ಏನು ಕಲಿಯಬೇಕು ಎಂದು ಯೋಚಿಸುತ್ತ ಕೂರುವುದರಲ್ಲೇ ಹೆಚ್ಚು ಸುಖವಿದೆ. ಐವತ್ತೊಂದನೆಯ ವಯಸ್ಸಿನಲ್ಲಿ ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ; ಇದ್ದ ಅಷ್ಟಿಷ್ಟು ನಾಚಿಕೆ ಈಚೆಗೆ ಒಂದೇ ವಾರದಲ್ಲಿ ಖರ್ಚಾಗಿಹೋಯಿತು, ಅದನ್ನೇ ಹೇಳಹೊರಟಿದ್ದೇನೆ. ಕಲಿಯಲು ಕೂತವನಿಗೆ ತಪ್ಪಾಗುತ್ತದೆ, ಬೇಸರವಾಗುತ್ತದೆ, ಮೂರನೆಯ ದಿನಕ್ಕೆ ಕಣ್ಣುರಿ ಶುರುವಾಗುತ್ತದೆ. ಏನು ಕಲಿಯಲಿ ಎಂದು ಯೋಚಿಸುವವನಿಗೆ ಇದ್ಯಾವುದೂ ಇಲ್ಲ. ಕೊಳಲು ಕಲಿಯಬೇಕೆಂದುಕೊಂಡ ಸಂಜೆಯೆಲ್ಲ ಅವನು ಕೊಳಲಿನವನೇ, ಈಜು ಕಲಿಯಬೇಕೆಂದುಕೊಂಡ ಬೇಸಗೆಯೆಲ್ಲ ಈಜುಗಾರನೇ. ಒಂದು ತೊಟ್ಟು ನೀರು ಕಿವಿಗೆ ಹೋಗುವುದಿಲ್ಲ. ಹೀಗೆ ನಾನು ಮೂರು ವರ್ಷ ಕಂಪ್ಯೂಟರ್ ಭಾಷೆಗಳನ್ನು ಕಲಿಯದೆ ಸುಖವಾಗಿದ್ದೆ.

ನಾನು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಆಫೀಸ್ ಸೂಪರಿಂಟೆಂಡೆಂಟು. ಮನೆ ದಿಬ್ಬೂರಹಳ್ಳಿಯಲ್ಲಿ. ದಿನಾ ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ ಹೋಗಿಬರುತ್ತೇನೆ. ಯೋಚನೆ ಮಾಡುವ ಚಾಳಿಯವನಿಗೆ ಇಷ್ಟು ಒಳ್ಳೆಯ ಏರ್ಪಾಡು ಬೇರೆ ಸಿಗಲಾರದು. ಇಪ್ಪತ್ತೆರಡು ವರ್ಷದ ಹಿಂದೆ, ಚಿಂತಾಮಣಿಯ ಟೊಮೆಟೊ ಮಂಡಿಯ ಹತ್ತಿರ ಮಹಡಿಯ ಮೇಲಿದ್ದ ಸಂಜೆ ಕ್ಲಾಸಿನಲ್ಲಿ ನಾನು ಪರ್ಲ್ ಎಂಬ ಭಾಷೆ ಕಲಿತೆ. ಕಂಪ್ಯೂಟರಿಗೆ ಚಿಕ್ಕಪುಟ್ಟ ಕೆಲಸ ಹೇಳಿ ಮಾಡಿಸುವ ಇಂಥ ಭಾಷೆಗಳನ್ನು ಸ್ಕ್ರಿಪ್ಟಿಂಗ್ ಭಾಷೆ ಎನ್ನುತ್ತಾರೆ, ಅದರಲ್ಲಿ ಬರೆದದ್ದನ್ನು ಸ್ಕ್ರಿಪ್ಟು ಎನ್ನುತ್ತಾರೆ. ದೊಡ್ಡ ಕಟ್ಟಡ ಎಬ್ಬಿಸಲು ಬೇರೆ ಭಾಷೆಗಳಿವೆಯಂತೆ. ಇವು ತೊಟ್ಟಿಕ್ಕುವ ನಲ್ಲಿ ರಿಪೇರಿಗೆ, ಬಾಗಿಲ ಚಿಲಕ ಬಿಗಿ ಮಾಡುವುದಕ್ಕೆ. ಆಗ ನಾನು ಪರೀಕ್ಷೆಯಲ್ಲಿ ಯಾವ ಹುಡುಗ ಯಾವ ಬೆಂಚಿನಲ್ಲಿ ಕೂರಬೇಕು ಎಂದು ಪಟ್ಟಿ ತೆಗೆದುಕೊಡುವ ಒಂದು ಸ್ಕ್ರಿಪ್ಟು ಬರೆದೆ. ಅದು ಇಂದಿಗೂ ನಡೆಯುತ್ತಿದೆ. ಹೇಗೆ ನಡೆಯುತ್ತಿದೆ ಎಂಬುದು ನನಗೆ ಮರೆತುಹೋಗಿ ಹದಿನೈದು ವರ್ಷವಾಯಿತು. ಆದರೂ ಆ ಒಂದು ಪಟ್ಟಿಯ ದೆಸೆಯಿಂದ ಇಡೀ ಕಾಲೇಜಿನಲ್ಲಿ ನಾನು ‘ಕಂಪ್ಯೂಟರ್ ನಾರಾಯಣಸ್ವಾಮಿ’. ಆ ಬಿರುದಿನ ನೆರಳಿನಲ್ಲಿ ಹಾಯಾಗಿ ನಿವೃತ್ತಿಯವರೆಗೆ ಹೋಗಿಬಿಡಬಹುದು ಎಂದುಕೊಂಡಿದ್ದೆ.

ಅಷ್ಟರಲ್ಲಿ ಸಹನಾ ಮೇಡಂ ಬಂದರು. ಗೌರಿಬಿದನೂರಿನವರು, ಕಂಪ್ಯೂಟರ್ ಸೈನ್ಸ್ ಅತಿಥಿ ಉಪನ್ಯಾಸಕಿ, ನನ್ನ ಅರ್ಧದಷ್ಟು ವಯಸ್ಸು, ನನ್ನ ಎರಡರಷ್ಟು ವೇಗ. ಒಂದು ದಿನ ನನ್ನ ಹೆಗಲ ಹಿಂದೆ ನಿಂತು ಪರದೆಯ ಮೇಲಿನ ಸ್ಕ್ರಿಪ್ಟನ್ನು ನೋಡಿ, ಬಹಳ ಮರುಕದಿಂದ ಕೇಳಿದರು: “ಸಾರ್, ಫೈಲು ಕರಪ್ಟ್ ಆಗಿದ್ಯಾ?”

ಅವರ ತಪ್ಪಿಲ್ಲ. ಪರ್ಲ್ ನೋಡುವುದಕ್ಕೆ ಹುಳು ತಿಂದುಬಿಟ್ಟ ಹಿಪ್ಪುನೇರಳೆ ಎಲೆಯ ಹಾಗಿರುತ್ತದೆ. ಹಸಿರೆಲ್ಲ ಹೋಗಿ ನರ ಮಾತ್ರ ಉಳಿದಿರುತ್ತದೆ. “ಇಲ್ಲಮ್ಮ, ಇದು ಪರ್ಲ್” ಎಂದೆ. “ಓ, ಪರ್ಲಾ! ನಮ್ಮ ಸಿಲಬಸ್ಸಿನಲ್ಲಿ ಹಿಸ್ಟರಿ ಚಾಪ್ಟರಲ್ಲಿ ಒಂದ್ ಲೈನ್ ಇತ್ತು ಸಾರ್” ಎಂದು ಹೇಳಿ, ನನಗೆ ನೋವಾಗಬಾರದೆಂದು, “ನೈಸ್ ಆಗಿದೆ” ಎಂದೂ ಸೇರಿಸಿದರು. ಅಂದು ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ನಿರ್ಧಾರ ಮಾಡಿದೆ: ಇನ್ನೊಂದು ಸ್ಕ್ರಿಪ್ಟಿಂಗ್ ಭಾಷೆ ಕಲಿತೇ ತೀರಬೇಕು. ಯಾವುದು ಎಂಬುದೊಂದೇ ಬಾಕಿ.

ಈ ‘ಯಾವುದು’ ಎಂಬುದಕ್ಕೆ ಸಲಹೆ ಕೇಳಲು ಹೋಗಬಾರದಿತ್ತು. ಫಿಸಿಕ್ಸಿನ ನಜೀರ್ ಸಾಹೇಬರು ನನ್ನ ಹಳೆಯ ಸ್ನೇಹಿತರು, ಮುರುಗಮಲ್ಲದಿಂದ ಬರುತ್ತಾರೆ. ಗುರುವಾರ ಅವರ ಊರಿನ ದರ್ಗಾಕ್ಕೆ ಬರುವ ಜನರಿಂದ ಬಸ್ಸು ತುಂಬಿ ತುಳುಕಿ, ಅವರು ಕಾಲೇಜಿಗೆ ತಡವಾಗಿ ಬಂದರೂ ಯಾರೂ ಏನೂ ಅನ್ನುವುದಿಲ್ಲ. “ಅರೇ ಸಾರ್, ಇದಕ್ಕೆಲ್ಲ ಯೋಚ್ನೆ ಮಾಡ್ತಾರಾ? ಪೈಥಾನ್ ಕಲೀರಿ. ಕಣ್ ಮುಚ್ಕೊಂಡು ಕಲೀರಿ” ಎಂದರು. ಸಹನಾ ಮೇಡಂ ಅಲ್ಲೇ ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, “ಜಾವಾಸ್ಕ್ರಿಪ್ಟ್ ಬಿಟ್ಟು ಪೈಥಾನಾ? ಸಾರ್, ಜಾವಾಸ್ಕ್ರಿಪ್ಟ್ ಎಲ್ಲಾ ಕಡೆ ಓಡತ್ತೆ, ಫೋನಲ್ಲೂ ಓಡತ್ತೆ” ಎಂದರು. “ಓಡತ್ತಮ್ಮ, ಹೇಳ್ದಂಗೆ ಕೇಳತ್ತಾ?” ಎಂದರು ನಜೀರ್ ಸಾಹೇಬರು. ಅವರಿಬ್ಬರೂ ಟೀ ಆರುವವರೆಗೆ ವಾದ ಮಾಡಿದರು. ನಾನು ಮಧ್ಯೆ ಕೂತು ಇಬ್ಬರಿಗೂ ತಲೆಯಾಡಿಸಿದೆ, ಏಕೆಂದರೆ ಇಬ್ಬರು ಹೇಳಿದ್ದೂ ನಿಜವೆನಿಸಿತು. ಅಷ್ಟು ಹೊತ್ತಿಗೆ ಒಳಗೆ ಬಂದ ಪ್ರಿನ್ಸಿಪಾಲರು, “ಈಗೆಲ್ಲ ಎ.ಐ. ಬರಕೊಡುತ್ತಂತಲ್ರೀ, ನೀವ್ಯಾಕೆ ಕಲೀಬೇಕು?” ಎಂದು ಕೇಳಿ ಹೊರಟುಹೋದರು. ಅದರಿಂದ ನನಗಾದ ಉಪಕಾರವೆಂದರೆ, ಯಾವ ಎ.ಐ. ಒಳ್ಳೆಯದು ಎಂದು ಯೋಚಿಸುವ ಕೆಲಸವೂ ಸೇರಿಕೊಂಡಿತು.

ನನ್ನನ್ನು ಸೋಮಾರಿ ಎಂದು ಮಾತ್ರ ತಿಳಿಯಬೇಡಿ. ಒಂದೊಂದು ಭಾಷೆಗೆ ಒಂದೊಂದು ಗಟ್ಟಿ ರಟ್ಟಿನ ನೋಟ್ ಬುಕ್ಕು ತಂದೆ. ಪ್ರತಿಯೊಂದರ ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’ ಬರೆದು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಪೈಥಾನಿಗೆ ಹಸಿರು ರಟ್ಟು, ಜಾವಾಸ್ಕ್ರಿಪ್ಟಿಗೆ ಹಳದಿ, ರೂಬಿಗೆ ಹೆಸರಿಗೆ ತಕ್ಕಂತೆ ಕೆಂಪು. ಒಟ್ಟು ಆರು ಪುಸ್ತಕ. ಆರರಲ್ಲೂ ‘ನಮಸ್ಕಾರ ದಿಬ್ಬೂರಹಳ್ಳಿ’ ಎಂದು ಪರದೆಯ ಮೇಲೆ ಮೂಡಿಸುವುದನ್ನು ಕಲಿತೆ. ಆರು ಭಾಷೆಯಲ್ಲಿ ನಮ್ಮ ಊರಿಗೆ ನಮಸ್ಕಾರ ಹೇಳಬಲ್ಲ ಮನುಷ್ಯ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ನಮಸ್ಕಾರವಾದ ಮೇಲೆ ಮಾತು ಮುಂದುವರಿಯುತ್ತಿರಲಿಲ್ಲ. ನಾಲ್ಕನೆಯ ಪುಟಕ್ಕೆ ಬರುವ ಹೊತ್ತಿಗೆ, ಇದಕ್ಕಿಂತ ಅದೇ ಒಳ್ಳೆಯದಿತ್ತೇನೋ ಎಂಬ ಅನುಮಾನ ಹುಟ್ಟುತ್ತಿತ್ತು. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಒಂದು ಕೋಷ್ಟಕ ಬರೆದು, ಸುಲಭ, ಬಾಳಿಕೆ, ಮರ್ಯಾದೆ ಎಂದು ಕಾಲಮು ಹಾಕಿ, ಆರಕ್ಕೂ ಅಂಕ ಕೊಟ್ಟೆ. ಗೆದ್ದ ಭಾಷೆ ಮನಸ್ಸಿಗೆ ಒಪ್ಪದಿದ್ದರೆ ಅಂಕ ತಿದ್ದುತ್ತಿದ್ದೆ. ಹೀಗೆ ತಿದ್ದಿ ತಿದ್ದಿ ಕ್ಯಾಲೆಂಡರು ತೂತಾಯಿತು. ಈ ಚಾಳಿ ನನಗೆ ಹುಟ್ಟಿನಿಂದ ಬಂದದ್ದು. ಸ್ಕೂಟರು ಕೊಳ್ಳಲು ನಾಲ್ಕು ವರ್ಷ ಯೋಚಿಸಿದೆ. ಅಷ್ಟರಲ್ಲಿ ನಾನು ಮೆಚ್ಚಿದ ಸ್ಕೂಟರು ತಯಾರಾಗುವುದೇ ನಿಂತುಹೋಯಿತು. ನನ್ನ ಜೀವನದಲ್ಲಿ ಚೆನ್ನಾಗಿ ಆಗಿಬಂದ ಆಯ್ಕೆ ಒಂದೇ, ನನ್ನ ಹೆಂಡತಿ. ಅದನ್ನು ನಮ್ಮಮ್ಮ ಹತ್ತು ನಿಮಿಷದಲ್ಲಿ ಮುಗಿಸಿದ್ದರು. ಆ ಹೊತ್ತಿನಲ್ಲಿ ನಾನು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದೆ.

ಹೆಂಡತಿಯ ಹೆಸರು ಮುನಿಲಕ್ಷ್ಮಿ. ರೈತರಿಗೆ ಲಕ್ಷ್ಮಕ್ಕ. ಹನ್ನೊಂದು ವರ್ಷದಿಂದ ಅವಳದೊಂದು ಚಾಕಿ ಕೇಂದ್ರ. ಅಂದರೆ ರೇಷ್ಮೆ ಮೊಟ್ಟೆ ತಂದು, ಮರಿ ಒಡೆಸಿ, ಎಳೆಯ ಹುಳುಗಳನ್ನು ಮೊದಲ ಏಳೆಂಟು ದಿನ ಸಾಕಿ ರೈತರಿಗೆ ಕೊಡುವುದು. ಮುಂದೆ ಗೂಡು ಕಟ್ಟುವವರೆಗೆ ಸಾಕುವುದು ರೈತರ ಕೆಲಸ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕಾಯಿಲೆಯೇನಲ್ಲ, ಹುಳು ಒಂದು ದಿನ ತಲೆ ಎತ್ತಿಕೊಂಡು, ತಿನ್ನದೆ ಕದಲದೆ ಕೂತುಬಿಡುತ್ತದೆ. ಆಗ ಹಿಪ್ಪುನೇರಳೆ ಸೊಪ್ಪು ನಿಲ್ಲಿಸಿ ಸುಣ್ಣದ ಪುಡಿ ಉದುರಿಸಬೇಕು. ಹೆಚ್ಚುಕಡಿಮೆ ಎಲ್ಲ ಹುಳುಗಳೂ ಎದ್ದ ಮೇಲೆಯೇ ಮತ್ತೆ ಸೊಪ್ಪು. ಅವಸರಪಟ್ಟು ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಕೂತವು ಸೊಪ್ಪಿನಡಿ ಹೂತುಹೋಗುತ್ತವೆ, ಬೆಳೆ ಏರುಪೇರಾಗುತ್ತದೆ. ಲಕ್ಷ್ಮಿ ಎರಡನೇ ಜ್ವರ ಕಳೆದ ಹುಳುಗಳನ್ನು ಕೊಡುತ್ತಾಳೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ರೈತರು ಅವಳಿಗೇ ಫೋನು ಮಾಡುತ್ತಾರೆ. ಮೂವತ್ತು ವರ್ಷ ಹುಳು ಸಾಕಿದವರೂ ಮಾಡುತ್ತಾರೆ. ಅದು ನಮ್ಮ ಕಡೆಯ ಒಂದು ರೂಢಿ. ಚಾಕಿ ಕೊಟ್ಟವರ ಬಾಯಲ್ಲಿ ಒಂದು ಮಾತು ಬಂದರೆ ಧೈರ್ಯ.

“ಲಕ್ಷ್ಮಕ್ಕಾ, ಸೊಪ್ ಹಾಕ್ಬಿಡ್ಲಾ?” ಎಂದು ಅವರು ಕೇಳುತ್ತಾರೆ. “ಒಂದ್ನಿಮಿಷ ಇರಪ್ಪ” ಎಂದು ಅವಳು ಒಳಗೆ ಹೋಗುತ್ತಾಳೆ. ಬಂದು, “ಇನ್ನೊಂದ್ ಮೂರ್ ಗಂಟೆ ತಡೀರಿ” ಎನ್ನುತ್ತಾಳೆ. ಒಳಗೆ, ಹುಳು ಮನೆಗೆ ಹೋಗುವ ಬಾಗಿಲ ಪಕ್ಕ, ಅವಳ ಡೈರಿ ಇತ್ತು. ಯಾರಿಗೆ ಎಂದು ಹುಳು ಕೊಟ್ಟಿದ್ದು ಎಂದು ಅದರಲ್ಲಿ ನೋಡಿ, ಗಂಟೆ ಲೆಕ್ಕ ಹಾಕಿ ಹೇಳುತ್ತಾಳೆ ಎಂದು ನಾನು ಹನ್ನೊಂದು ವರ್ಷ ನಂಬಿದ್ದೆ. ಹಾಗೆ ನಂಬಿದ್ದೇ ಮುಂದಿನ ಅನಾಹುತಕ್ಕೆಲ್ಲ ಮೂಲ.

ಈ ಫೋನಿನಿಂದಾಗಿ ಅವಳು ಊರು ಬಿಟ್ಟು ಎರಡು ದಿನ ಎಲ್ಲೂ ಹೋದವಳಲ್ಲ. ತಂಗಿಯ ಮನೆಯ ಗೃಹಪ್ರವೇಶದಲ್ಲಿ ಊಟದ ಎಲೆಯ ಮುಂದೆ ಕೂತು, ಎಡಗೈಯಲ್ಲಿ ಫೋನು ಹಿಡಿದು, ಯಾರದೋ ಮೂರನೇ ಜ್ವರಕ್ಕೆ ಉತ್ತರ ಹೇಳುತ್ತಿದ್ದಳು. ಹೀಗಿರುವಾಗ ಮೈಸೂರಿನಿಂದ ಒಂದು ಕಾಗದ ಬಂತು. ಚಾಕಿ ಕೇಂದ್ರ ನಡೆಸುವವರಿಗೆ ಆರು ದಿನದ ತರಬೇತಿ. ತಾಲೂಕಿನಿಂದ ಅವಳನ್ನು ಆರಿಸಿದ್ದರು. ಹೊರಡಲು ಇನ್ನೂ ಎರಡು ತಿಂಗಳಿತ್ತು. ಆ ಕಾಗದವನ್ನು ಅವಳು ಮೂರು ಸಲ ಓದಿ, ದೇವರ ಗೂಡಿನಲ್ಲಿಟ್ಟು, ಆಮೇಲೆ ತೆಗೆದು ನಾಲ್ಕನೆಯ ಸಲ ಓದಿದಳು. ಹಾಗೆ ಅವಳ ಮುಖ ಅರಳಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ನನಗೂ ಸಂತೋಷವಾಯಿತು, ಸ್ವಲ್ಪ ಅಳುವೂ ಬಂತು.

“ರೀ, ನಾನು ಹೋಗ್ಬೇಕು” ಎಂದಳು. “ಹೊಸ ಮೊಟ್ಟೆ ಆ ವಾರ ತರಿಸಲ್ಲ. ಆದ್ರೆ ಅದಕ್ಕೆ ಮುಂಚೆ ಕೊಟ್ಟಿರೋ ಹುಳ ಆಗ ಮೂರನೇ ಜ್ವರಕ್ಕೆ ಬರುತ್ತೆ. ನಲವತ್ತೆರಡು ಜನ ರೈತರು. ಕ್ಲಾಸಲ್ಲಿ ಕೂತ್ಕೊಂಡು ಫೋನ್ ಎತ್ತಕ್ಕಾಗುತ್ತಾ? ನಿಮ್ದು ಆ ಸ್ಕ್ರಿಪ್ಟು ಏನೋ ಇದ್ಯಲ್ಲ, ಅದ್ರಲ್ಲಿ ರೈತರಿಗೆ ತಾನಾಗೇ ಮೆಸೇಜ್ ಹೋಗೋ ಹಂಗೆ ಮಾಡ್ತೀರಾ?”

“ಅಷ್ಟೇನಾ? ಆರಾಮಾಗಿ ಮಾಡಣ” ಎಂದೆ. ಇಷ್ಟು ದಿನ ಕೆಲಸವಿಲ್ಲದೆ ಭಾಷೆ ಹುಡುಕುತ್ತಿದ್ದವನಿಗೆ ಕೆಲಸವೇ ಎದುರಿಗೆ ಬಂದು ನಿಂತಿತ್ತು. ಇನ್ನು ತಕ್ಕ ಭಾಷೆ ಆರಿಸಿಕೊಂಡರೆ ಮುಗಿಯಿತು!

ಏಳು ವಾರ ಆರಿಸಿದೆ. ಹೊಸ ಕ್ಯಾಲೆಂಡರಿನ ಬೆನ್ನ ಮೇಲೆ ಹೊಸ ಕೋಷ್ಟಕ ಬಂತು. ಅದರಲ್ಲಿ ‘ರೇಷ್ಮೆಗೆ ಹೊಂದಿಕೆ’ ಎಂಬ ಕಾಲಮೂ ಸೇರಿತು. ಪೈಥಾನಿಗೆ ಎಂಟು ಅಂಕ ಕೊಟ್ಟೆ, ಯಾಕೆ ಎಂದು ಕೇಳಿದರೆ ಹೇಳಲಾರೆ. ಸಹನಾ ಮೇಡಂ ಒಂದು ದಿನ ಕೈ ಮುಗಿದು, “ಸಾರ್, ಪ್ಲೀಸ್, ಯಾವ್ದಾದ್ರೂ ಒಂದು ಸ್ಟಾರ್ಟ್ ಮಾಡಿ ಸಾರ್, ಜಾವಾಸ್ಕ್ರಿಪ್ಟ್ ಬೇಡ, ಪೈಥಾನೇ ಆಗ್ಲಿ” ಎಂದರು. ಅದೇ ದಿನ ನಜೀರ್ ಸಾಹೇಬರು, “ಹೋಗ್ಲಿ ಬಿಡಿ, ಜಾವಾಸ್ಕ್ರಿಪ್ಟೇ ಮಾಡಿ” ಎಂದರು. ನನ್ನಿಂದಾಗಿ ಇಬ್ಬರೂ ತಮ್ಮ ತಮ್ಮ ನಂಬಿಕೆಯನ್ನೇ ಬಿಟ್ಟುಕೊಟ್ಟಿದ್ದರು. ಮನೆಯಲ್ಲಿ ಲಕ್ಷ್ಮಿ ದಿನಾ ಸಂಜೆ ಕಂಪ್ಯೂಟರಿನ ಹತ್ತಿರ ಬಂದು ನೋಡಿ ಹೋಗುತ್ತಿದ್ದಳು. ಹುಳು ಮನೆಯ ತಟ್ಟೆ ನೋಡುವ ಹಾಗೆಯೇ, ತಲೆ ಸ್ವಲ್ಪ ಓರೆ ಮಾಡಿ. ಕೊನೆಗೊಂದು ದಿನ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು: “ಮೂರು ವರ್ಷದಿಂದ ಜ್ವರಕ್ಕೆ ಕೂತಿದ್ದೀರಲ್ರೀ. ಏಳೋದ್ ಯಾವಾಗ? ನಾನು ಬ್ಯಾಗ್ ತುಂಬಲೋ, ಬೇಡ್ವೋ?”

ಬ್ಯಾಗಿನ ಮಾತು ಎದೆಗೆ ನಾಟಿತು. ಒಂಬತ್ತು ದಿನ ಉಳಿದಿತ್ತು. ಆರು ನೋಟ್ ಬುಕ್ಕುಗಳನ್ನೂ ಬೀರುವಿನ ಮೇಲೆ ಹಾಕಿ, ಹಳೆಯ ಸ್ಕ್ರಿಪ್ಟನ್ನು ಮುಂದಿಟ್ಟುಕೊಂಡು, ನನಗೆ ನಿಜವಾಗಿ ಅಷ್ಟಿಷ್ಟು ಬರುತ್ತಿದ್ದ ಒಂದೇ ಒಂದು ಭಾಷೆಯಲ್ಲಿ, ಆ ಹುಳು ತಿಂದ ಎಲೆಯಂಥ ಪರ್ಲಿನಲ್ಲಿಯೇ ಬರೆಯಲು ಕೂತೆ. ನಾಲ್ಕು ಸಂಜೆಯಲ್ಲಿ ಮುಗಿಯಿತು. ಮೂರು ವರ್ಷ ಏಳು ವಾರದ ಯೋಚನೆಯಲ್ಲಿ ಆಗದ್ದು ನಾಲ್ಕು ಸಂಜೆಯಲ್ಲಿ ಆದದ್ದನ್ನು ನೋಡಿ ನನಗೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಯಿತು. ಬೀರುವಿನಲ್ಲಿ ಬಿದ್ದಿದ್ದ ಹಳೆಯ ಇಂಟರ್ನೆಟ್ ಡಾಂಗಲ್ಲಿಗೆ ಸಿಮ್ ಹಾಕಿ ಕಂಪ್ಯೂಟರಿಗೆ ಸಿಗಿಸಿದೆ. ಹುಳು ಕೊಟ್ಟ ದಿನ, ಹೊತ್ತು ಹಾಕಿದರೆ ಸಾಕು. ಇಂತಿಷ್ಟು ಗಂಟೆಗೆ ‘ಮೂರನೇ ಜ್ವರ, ಸೊಪ್ಪು ನಿಲ್ಲಿಸಿ, ಸುಣ್ಣ ಉದುರಿಸಿ’ ಎಂದೂ, ಅದಾದ ಇಂತಿಷ್ಟು ಗಂಟೆಗೆ ‘ಹುಳು ಎದ್ದಿದೆ, ಸೊಪ್ಪು ಹಾಕಿ’ ಎಂದೂ ನಲವತ್ತೆರಡು ಫೋನಿಗೆ ಮೆಸೇಜು ಹೋಗುತ್ತಿತ್ತು; ನಾಲ್ಕನೇ ಜ್ವರಕ್ಕೂ ಹೀಗೆಯೇ. ಗಂಟೆಗಳನ್ನು ಲಕ್ಷ್ಮಿಯ ಡೈರಿಯಿಂದಲೇ ತೆಗೆದಿದ್ದೆ. “ಎಲ್ಲಾ ಸರಿಯಿದೆಯೇನ್ರೀ?” ಎಂದಳು. “ನೀನು ಹೋಗಮ್ಮ ಧೈರ್ಯವಾಗಿ” ಎಂದೆ. ಭಾನುವಾರ ಅವಳು ಬಸ್ಸು ಹತ್ತಿದಳು. ಹೊರಡುವ ಮುಂಚೆ ಹುಳು ಮನೆಯ ಮೂಲೆಯಲ್ಲಿದ್ದ ಎರಡು ತಟ್ಟೆಗಳನ್ನು ತೋರಿಸಿ, “ಇವು ರೈತರಿಗೆ ಕೊಟ್ಟಿರೋ ತಂಡದ್ದೇ ಹುಳ. ಇವನ್ನ ನೋಡ್ಕೊಳ್ಳಿ” ಎಂದಳು. ‘ನೋಡ್ಕೊಳ್ಳಿ’ ಎಂದರೆ ಸೊಪ್ಪು ಹಾಕಿ ಸಾಕಿ ಎಂದು ನಾನು ತಿಳಿದೆ.

ಮಂಗಳವಾರ ಬೆಳಗ್ಗೆ ಮೊದಲ ಮೆಸೇಜು ಹೋಯಿತು. ಹುಳುಗಳೂ ಹೇಳಿ ಕಳಿಸಿದಂತೆ ಅದೇ ಹೊತ್ತಿಗೆ ಜ್ವರಕ್ಕೆ ಕೂತವು. ಒಂದೇ ಒಂದು ಫೋನು ಬರಲಿಲ್ಲ. ಕಾಲೇಜಿನಲ್ಲಿ ಈ ಸುದ್ದಿ ಹೇಳಿದಾಗ ನಜೀರ್ ಸಾಹೇಬರು ಎದ್ದು ಬಂದು ಕೈ ಕುಲುಕಿದರು. ಸಹನಾ ಮೇಡಂ, “ಪರ್ಲಲ್ಲಾ ಸಾರ್? ರಿಯಲಿ?” ಎಂದರು. ಆ ‘ರಿಯಲಿ’ ನನ್ನ ಕಿವಿಯಲ್ಲಿ ಶಿಡ್ಲಘಟ್ಟದವರೆಗೂ ಇತ್ತು. ಅಂದು ಸಂಜೆ ಮದ್ರಾಸಿನ ಕಡೆ ಸಮುದ್ರದಲ್ಲಿ ಚಂಡಮಾರುತವೇನೋ ಎದ್ದಿದೆಯೆಂದು ಸುದ್ದಿ ಬಂತು; ನಮ್ಮ ಕಡೆ ಮೋಡ ಮುಚ್ಚಿ, ಜಿನುಗು ಮಳೆ ಹಿಡಿಯಿತು. ಮೈ ನಡುಗಿಸುವ ಗಾಳಿ. ನಾನು ಸ್ವೆಟರು ಹಾಕಿಕೊಂಡೆ. ಹುಳುಗಳಿಗೂ ಚಳಿಯಾಗುತ್ತದೆ, ಚಳಿಯಲ್ಲಿ ಅವು ಜ್ವರ ಬಿಟ್ಟು ಏಳಲು ಹೆಚ್ಚು ಹೊತ್ತು ಬೇಕು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಸ್ಕ್ರಿಪ್ಟಿಗಂತೂ ಸ್ವೆಟರು ಕೂಡ ಇರಲಿಲ್ಲ.

ಬುಧವಾರ ಬೆಳಗ್ಗೆ ಏಳಕ್ಕೆ ಎರಡನೆಯ ಮೆಸೇಜು ಹೋಯಿತು: ‘ಹುಳು ಎದ್ದಿದೆ, ಸೊಪ್ಪು ಹಾಕಿ.’ ಏಳು ಗಂಟೆ ಎರಡು ನಿಮಿಷಕ್ಕೆ ಫೋನು ಬಡಿದುಕೊಂಡಿತು. ಅಂಜಿನಪ್ಪನವರು, ಲಕ್ಷ್ಮಿಯ ಹತ್ತಿರ ಮೊದಲಿನಿಂದ ಹುಳು ತೆಗೆದುಕೊಳ್ಳುವ ಹಿರಿಯ ರೈತರು.

“ಏಂ ಸಾರ್, ಬಾಗುನ್ನಾರಾ?” ಎಂದು ನಿಧಾನವಾಗಿ ಕುಶಲ ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದರು. “ಮೆಸೇಜ್ ಬಂತು ಸಾರ್. ಹುಳ ಎದ್ದೈತೆ ಅಂತ ಬರ್ದೈತೆ. ನಮ್ ಮನೇಲಿ ಮಾತ್ರ ಒಂದೂ ಕದಲ್ತಾ ಇಲ್ಲ. ನಿಮ್ ಕಂಪ್ಯೂಟರ್ ಒಳಗಿನ ಹುಳ ಎದ್ದವೇನೋ, ಒಂಚೂರು ನೋಡಿ ಹೇಳಿ ಸಾರ್.”

ಅವರಿಗೆ ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಇನ್ನೊಂದು ಕರೆ ಕಾಯುತ್ತಿತ್ತು. ಅದಾದ ಮೇಲೆ ಮತ್ತೊಂದು. ಕನ್ನಡದಲ್ಲಿ ಕೇಳಿದರು, ತೆಲುಗಿನಲ್ಲಿ ಕೇಳಿದರು, ಇಬ್ಬರು ಉರ್ದುವಿನಲ್ಲಿ ಕೇಳಿದರು. ಒಬ್ಬರು ಅಪ್ಪಟ ಮರುಕದಿಂದ, “ಅಕ್ಕ ಊರಲ್ಲಿಲ್ವಂತೆ, ಊಟಕ್ಕೆ ಏನ್ ಮಾಡ್ಕೊಂಡ್ರಿ?” ಎಂದೂ ವಿಚಾರಿಸಿದರು. ಫೋನನ್ನೇ ನಿಲ್ಲಿಸಲು ಬರೆದ ಸ್ಕ್ರಿಪ್ಟು ನಲವತ್ತೆರಡು ಫೋನನ್ನು ಒಂದೇ ಗಂಟೆಯಲ್ಲಿ ತಂದುಹಾಕಿತ್ತು. ಆದರೆ ಒಂದು ಸಮಾಧಾನ. ಆ ನಲವತ್ತೆರಡರಲ್ಲಿ ಒಬ್ಬರೂ ಸೊಪ್ಪು ಹಾಕಿರಲಿಲ್ಲ. ಮೆಸೇಜು ಓದಿ, ಎದ್ದು ಹೋಗಿ, ಹುಳು ನೋಡಿ, ನಕ್ಕು, ನನಗೆ ಫೋನು ಮಾಡಿದ್ದರು.

ಇಡೀ ದಿಬ್ಬೂರಹಳ್ಳಿಯ ಸುತ್ತಮುತ್ತ ಆ ಮೆಸೇಜನ್ನು ಪೂರ್ತಿ ನಂಬಿದವನು ಒಬ್ಬನೇ ಇದ್ದ. ಏಳಕ್ಕೆ ಸರಿಯಾಗಿ, ಮೊದಲ ಫೋನು ಬರುವುದಕ್ಕೂ ಮುಂಚೆ, ನಾನು ಆ ಎರಡು ತಟ್ಟೆಗಳಿಗೆ ಕೈತುಂಬ ಸೊಪ್ಪು ಹಾಕಿ ಮುಗಿಸಿದ್ದೆ. ತಟ್ಟೆಯ ಕಡೆ ನೋಡಿಯೇ ಹಾಕಿದೆ, ಹುಳುಗಳ ಕಡೆ ನೋಡಲಿಲ್ಲ. ನೋಡುವ ಅಗತ್ಯವೇನಿತ್ತು? ನಾನೇ ಬರೆದ ಸ್ಕ್ರಿಪ್ಟು ಎದ್ದಿದೆ ಎಂದು ಹೇಳಿತ್ತಲ್ಲ!

ಮಧ್ಯಾಹ್ನ ಊಟದ ಬಿಡುವಿನಲ್ಲಿ ಲಕ್ಷ್ಮಿಯೇ ಫೋನು ಮಾಡಿದಳು. ದನಿಯಲ್ಲಿ ಎಂದೂ ಇಲ್ಲದ ಲವಲವಿಕೆ. ಹಾಸ್ಟೆಲ್ಲಿನ ಅನ್ನ, ಪಕ್ಕದ ಮಂಚದ ರಾಮನಗರದ ಹೆಂಗಸು, ಬೆಳಗ್ಗೆಯ ಪಾಠ ಎಲ್ಲ ಹೇಳಿದಳು. ಮುಚ್ಚಿಟ್ಟುಬಿಡಲೇ ಎಂದು ಒಂದು ಕ್ಷಣ ಅನಿಸಿತು. ಆಮೇಲೆ ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ, ಅದೇ ಕಷ್ಟವಾಯಿತು. “ನಿಮ್ ಕಂಪ್ಯೂಟ್ರು ಹುಳ ಎದ್ದಿದೆ ಅಂತ ಏನ್ ನೋಡಿ ಹೇಳುತ್ತೆ?” ಎಂದು ಕೇಳಿದಳು.

“ಗಂಟೆ ನೋಡಿ.”

“ಹುಳ ನೋಡಲ್ವಾ?”

“ನೀನೂ ಡೈರಿ ನೋಡಿಯೇ ಅಲ್ವೇನೆ ಹೇಳ್ತಿದ್ದಿದ್ದು? ಒಂದ್ನಿಮಿಷ ಇರಪ್ಪ ಅಂತ ಒಳಗೆ ಹೋಗಿ?”

ಆ ಕಡೆ ನಗು ಶುರುವಾಯಿತು. ರಾಮನಗರದ ಹೆಂಗಸಿಗೂ ಏನೋ ಹೇಳಿದಳು, ಅವರೂ ನಕ್ಕರು. “ಡೈರಿ ನೋಡಕ್ಕೆ ಯಾಕ್ರೀ ಹುಳ ಮನೆಗೆ ಹೋಗ್ಲಿ? ಪ್ರತಿ ತಂಡದಲ್ಲೂ ಎರಡ್ ತಟ್ಟೆ ಇಟ್ಕೊಳ್ಳೋದೇ ಅದಕ್ಕೆ. ಅವನ್ನ ಹೋಗಿ ನೋಡಿ ಬಂದು ಹೇಳ್ತಿದ್ದೆ. ನೋಡ್ಕೊಳ್ಳಿ ಅಂತ ಹೇಳಿ ಬಂದಿದ್ನಲ್ಲ!”

ಹನ್ನೊಂದು ವರ್ಷ ಒಂದೇ ಸೂರಿನಡಿ ಆ ‘ಒಂದ್ನಿಮಿಷ’ವನ್ನು ಕೇಳಿಸಿಕೊಂಡಿದ್ದೆ, ಒಂದು ದಿನವೂ ಎದ್ದು ಅವಳ ಹಿಂದೆ ಹೋಗಿ ನೋಡಿರಲಿಲ್ಲ. ನನಗೆ ನಿಜವಾಗಿ ಬೇಸರವಾದದ್ದು ಆಗ. ಅವಳು ಮಾತ್ರ ಆಗಲೇ ರಿಪೇರಿಗೆ ಇಳಿದಿದ್ದಳು. “ಹುಳು ಎದ್ದಿದೆ ಅಂತ ನೀವು ಹೇಳ್ಬೇಡಿ. ಎದ್ದಿದ್ಯಾ ಅಂತ ಅವ್ರನ್ನೇ ಕೇಳಿ. ಬರ್ಕೊಳ್ಳಿ” ಎಂದು ಹೇಳಿ ಬರೆಸಿದಳು: ‘ಏಳುವ ಹೊತ್ತಾಯಿತು. ಹುಳು ನೋಡಿ. ತಲೆ ದಪ್ಪಗಾಗಿ, ಸೊಪ್ಪು ಹುಡುಕಿಕೊಂಡು ಓಡಾಡುತ್ತಿವೆಯೇ? ನೂರಕ್ಕೆ ತೊಂಬತ್ತೈದು ಎದ್ದಿದ್ದರೆ ಮಾತ್ರ ಸೊಪ್ಪು. ಇಲ್ಲವಾದರೆ ಮೂರು ಗಂಟೆ ಬಿಟ್ಟು ಮತ್ತೆ ನೋಡಿ. ಲಕ್ಷ್ಮಕ್ಕ.’ ಕೊನೆಯ ಹೆಸರನ್ನು ನಾನು ಸೇರಿಸಿದೆ. ಪರ್ಲಿನಲ್ಲಿ ಒಂದೇ ಒಂದು ಸಾಲು ಬದಲಾಯಿತು. ಅಂದು ಸಂಜೆ ಆ ಮೆಸೇಜು ಹೋದ ಮೇಲೆ ಬಂದ ಫೋನು ಒಂದೇ, ಅಂಜಿನಪ್ಪನವರದು. “ಈಗ ಅಕ್ಕ ಮಾತಾಡ್ದಂಗೈತೆ ಸಾರ್. ನಮ್ ಹುಳ ಎದ್ದವೆ, ಸೊಪ್ ಹಾಕ್ದೆ. ಹೇಳಣ ಅಂತ ಮಾಡ್ದೆ ಅಷ್ಟೆ.”

ಭಾನುವಾರ ಅವಳು ಬಂದಳು. ಬ್ಯಾಗು ಇಳಿಸಿದವಳೇ ಹುಳು ಮನೆಗೆ ಹೋದಳು. ಎರಡೂ ತಟ್ಟೆಗಳಲ್ಲಿ ಎರಡು ಅಳತೆಯ ಹುಳುಗಳಿದ್ದವು, ಅಣ್ಣ ತಮ್ಮಂದಿರ ಹಾಗೆ. “ನಿಮ್ ಕೈಯ ಬೆಳೆ” ಎಂದಳು. ಚಿಕ್ಕವನ್ನು ಒಂದೊಂದಾಗಿ ಆರಿಸಿ ಬೇರೆ ತಟ್ಟೆಗೆ ಹಾಕಿ, ಎಳೆಯ ಸೊಪ್ಪು ಕೊಟ್ಟು, “ಇವೂ ಬರುತ್ವೆ ಬಿಡಿ, ಎರಡು ದಿನ ಹಿಂದೆ ಅಷ್ಟೆ” ಎಂದಳು. ಕಾಫಿ ಕುಡಿಯುವಾಗ ತರಬೇತಿಯ ಕಥೆಯೆಲ್ಲ ಬಂತು. ಮುಂದಿನ ವರ್ಷ ಎರಡನೆಯ ಹಂತಕ್ಕೂ ಅವಳನ್ನು ಕರೆದಿದ್ದಾರಂತೆ; ಖಂಡಿತ ಹೋಗುತ್ತಾಳಂತೆ. ಕೊನೆಗೆ, ಸಕ್ಕರೆ ಕಡಿಮೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು: “ಶುಕ್ರವಾರ ಮಧ್ಯಾಹ್ನ ಕಂಪ್ಯೂಟರ್ ಕ್ಲಾಸೂ ಇತ್ತು ರೀ. ಶೆಡ್ಡಿನ ಬಿಸಿ, ತೇವ ಎಲ್ಲಾ ತಾನಾಗೇ ಬರ್ಕೊಳ್ಳೋ ಹಂಗೆ ಮಾಡೋದು. ಪೈಥಾನ್ ಅಂತೆ. ಸುಲಭವಾಗೈತಪ್ಪ. ಮುಂದಕ್ಕೆ ಅದನ್ನೇ ಕಲೀತೀನಿ.”

“ಯಾಕೆ ಪೈಥಾನೇ?” ಎಂದೆ.

“ಅದನ್ನೇ ಹೇಳ್ಕೊಟ್ರಲ್ಲ, ಅದಕ್ಕೆ” ಎಂದಳು. ಬೀರುವಿನ ಮೇಲಿಂದ ಹಸಿರು ರಟ್ಟಿನ ನೋಟ್ ಬುಕ್ಕು ಇಳಿಸಿ, ಧೂಳು ಒರೆಸಿ, ನನ್ನ ನಾಲ್ಕು ಪುಟ ಬಿಟ್ಟು ಐದನೆಯದರಿಂದ ಬರೆಯತೊಡಗಿದಳು. ಈಗ ಮೂವತ್ತನೆಯ ಪುಟದಲ್ಲಿದ್ದಾಳೆ. ಸಹನಾ ಮೇಡಂ ಜೊತೆ ಫೋನಿನಲ್ಲಿ ಮಾತಾಡುವಾಗ ನನಗೆ ಅರ್ಥವಾಗದ ಮಾತುಗಳು ಬರುತ್ತವೆ. ಕೇಳುತ್ತ ಕೂತರೆ ಹೆಮ್ಮೆಯಾಗುತ್ತದೆ, ಸುಳ್ಳೇಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗು‍ತ್ತದೆ. ನಾನೂ ಸುಮ್ಮನಿಲ್ಲ. ಏಳನೆಯ ನೋಟ್ ಬುಕ್ಕು ತಂದು, ನೆತ್ತಿಯಲ್ಲಿ ‘ಶ್ರೀ’ ಬರೆದು, ಅದರ ಕೆಳಗೆ ‘ಹುಳು ನೋಡುವುದು’ ಎಂದು ಬರೆದಿದ್ದೇನೆ. ಬೆಳಿಗ್ಗೆ ಸಂಜೆ ತಟ್ಟೆಯ ಮುಂದೆ ಅವಳ ಪಕ್ಕ ಕೂತು ಪಾಠ. ನಿನ್ನೆಗೆ ಐದನೆಯ ಪುಟ ದಾಟಿದೆ. ನನ್ನ ಮಟ್ಟಿಗೆ ಇದು ದಾಖಲೆ.

ಅವಳು ಬಂದ ಮೂರನೆಯ ದಿನ ನಾಲ್ಕನೇ ಜ್ವರ ಏಳುವ ಹೊತ್ತು. ನಾನು ಬೆಳಗಿನ ಬಸ್ಸಿಗೆ ಚಪ್ಪಲಿ ಮೆಟ್ಟುತ್ತಿದ್ದಾಗ ನನ್ನ ಫೋನಿಗೂ ಒಂದು ಮೆಸೇಜು ಬಂತು. ನಾನೇ ಬರೆದ ಸ್ಕ್ರಿಪ್ಟಿನಿಂದ, ನನ್ನದೇ ಡಾಂಗಲ್ಲಿನಿಂದ, ನನಗೇ! ಹಿಂದಿನ ದಿನ ಅವಳು ಆ ಪರ್ಲನ್ನು ತೆರೆದು, “ಇದು ನಾವು ಕಲ್ತಂಗಿಲ್ಲ, ಆದ್ರೂ ಲಿಸ್ಟು ಲಿಸ್ಟೇ ಅಲ್ವಾ” ಎಂದು ಗೊಣಗುತ್ತಿದ್ದುದು ನೆನಪಾಯಿತು. ಪಟ್ಟಿಗೆ ನಲವತ್ತಮೂರನೆಯ ನಂಬರು ಸೇರಿತ್ತು. ಮೆಸೇಜೂ ಅದೇ: ಏಳುವ ಹೊತ್ತಾಯಿತು, ಹುಳು ನೋಡಿ, ತಲೆ ದಪ್ಪಗಾಗಿವೆಯೇ, ಓಡಾಡುತ್ತಿವೆಯೇ. ಕೆಳಗೆ ಒಂದು ಸಾಲು ಮಾತ್ರ ಹೆಚ್ಚಿಗೆ ಇತ್ತು: ‘ಗಡಿಯಾರ ನೋಡಬೇಡಿ.’ ಚಪ್ಪಲಿ ಬಿಟ್ಟು ಹುಳು ಮನೆಗೆ ಹೋಗಿ ನೋಡಿ ಬಂದೆ. ಆ ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ಅಂಜಿನಪ್ಪನವರು ಸಿಕ್ಕಾಗ, ಸಹಜವಾಗಿ ಕೇಳುವವನಂತೆ ಅವರ ಫೋನು ಇಸಕೊಂಡು ಓದಿದೆ. ಅವರ ಮೆಸೇಜಿನಲ್ಲಿ ಆ ಸಾಲು ಇರಲಿಲ್ಲ.